ಬಸ್ಸಾರಿನಲ್ಲಿ ಆಗಸ್ಟ್

ಸೊಪ್ಪು ಅಂದದ್ದಕ್ಕೆ ಇಷ್ಟು ಕೋಪಾನಾ ಶರಣ್ಯಾ? ಅಲ್ಲ, ನೀನೇ ಹೇಳು. ಸಿನಿಮಾ ಮುಗಿದಿದೆ, ನಮ್ಮನ್ನೆಲ್ಲ ಸ್ಟೇಜ್ ಮೇಲೆ ನಿಲ್ಲಿಸಿದ್ದಾರೆ, ಕೈಯಲ್ಲಿ ಮೈಕು. ಮುಂದಿನ ಸಾಲಿನ ಬೋಳುತಲೆಯವನು ಎದ್ದು, 'ಆ ಬಸ್ಸಾರಿನ ಸೀನಲ್ಲಿ ನೀವು ಶರಣ್ಯಾ ಅಂದಿರಲ್ಲ, ಅದೇನು ಮಸಾಲೆನಾ?' ಅಂತ ಕೇಳ್ತಾನೆ. ನಾನು ಇನ್ನೇನು ಹೇಳಲಿ? ಒಂದು ಥರದ ಸೊಪ್ಪು ಅಂದೆ. ಇಡೀ ಥಿಯೇಟರು ಖುಷಿಯಾಗಿ ತಲೆ ಆಡಿಸಿತು. ಒಬ್ಬಳು ಫೋನಲ್ಲಿ ಬರ್ಕೊಂಡಳು, ನಾಳೆ ಗ್ರೋಸರಿಗೆ ಹೋಗಿ ಕೇಳ್ತಾಳೆ ಪಾಪ. ನನ್ನ ಸ್ವಂತ ಮಗಳು ಮಾತ್ರ ಕಾರಿನ ಕೀ ತಗೊಂಡು ಎದ್ದು ಹೋದಳು.

ಮಿರರ್ ನೋಡ್ಕೋ. ಬ್ರಿಡ್ಜಿಗೆ ಬಲಗಡೆ ಲೇನು... ಗೊತ್ತು, ನಿನಗೆ ಗೊತ್ತು. ಲೈಸೆನ್ಸು ಬಂದಿದೆ, ಇನ್ನು ಅಪ್ಪ ಬಾಯಿ ಮುಚ್ಕೋಬೇಕು. ಮುಚ್ಕೊಂಡೆ.

ಆದ್ರೂ ಏನು ಸಿನಿಮಾನೋ ಮಾರಾಯ್ತಿ! ಗಂಡ ಸತ್ತ ಜಪಾನಿ ಅಜ್ಜಿ ಸ್ಯಾನ್ ಮಟಿಯೋದ ಒಂದು ಮನೇಲಿ ಕೂತಿರ್ತಾಳೆ. ಪಕ್ಕದ ಮನೆ ಇಂಡಿಯನ್ನು, ಅಂದರೆ ನಿಮ್ಮಪ್ಪ, ದಿನಾ ಒಂದು ಬಟ್ಟಲು ಸಾರು ತಂದುಕೊಡ್ತಾನೆ. ಅವಳ ಭಾಷೆ ಇವನಿಗೆ ಬರಲ್ಲ, ಇವನದ್ದು ಅವಳಿಗೆ ಬರಲ್ಲ. ಇಬ್ಬರೂ ಕೂತು ಸಾರು ಕುಡೀತಾರೆ. ಅಷ್ಟೇ. ಮುಗೀತು. ಇದನ್ನ ತೆಗೆಯೋಕೆ ಟೋಕಿಯೋದಿಂದ ಇಡೀ ತಂಡ ವಿಮಾನ ಹತ್ತಿ ಬಂತು.

ತಂಡ ಅಂದರೆ ಎಂಥ ತಂಡ! ಲೈಟಿಗೆ ಸೂರ್ಯ, ಊಟಕ್ಕೆ ನಾನು. ಆ ಕ್ಯಾಮೆರಾದವನು ಇಶಿಜುಕಾ ಇದ್ದಾನಲ್ಲ, ಅವನಿಗೆ ಮುಖ ಅಂದರೆ ಅಲರ್ಜಿ. ಬಾಗಿಲಲ್ಲಿ ಬಿಟ್ಟಿರೋ ಚಪ್ಪಲಿ ಶೂಟ್ ಮಾಡ್ತಾನೆ, ಕಿಟಕಿ ಪರದೆ ಶೂಟ್ ಮಾಡ್ತಾನೆ. ಇವತ್ತು ನೋಡಿದೆಯಲ್ಲ, ನನ್ನ ಚಪ್ಪಲಿಗೆ ನನಗಿಂತ ಜಾಸ್ತಿ ಸೀನಿದೆ. ಸೌಂಡ್‌ನವನು ಸದ್ದಾಗುತ್ತೆ ಅಂತ ಫ್ರಿಜ್ ಆಫ್ ಮಾಡಿಸಿದ, ಆನ್ ಮಾಡೋದು ಮರೆತ. ಮಾರನೇ ದಿನ ಅದೇ ಸಾರು ಶಾಟ್‌ಗೆ ಬಂತು, ಹುಳಿ ಹುಳಿ. ತೋಮಿಯೆ-ಸಾನ್, ಅಂದರೆ ಆ ಅಜ್ಜಿ ಪಾತ್ರದ ತೋಮಿಯೆ ಅವರು, ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ ಸುಮ್ಮನೆ ಕೂತುಬಿಟ್ಟರು. ಇವತ್ತು ಥಿಯೇಟರಲ್ಲಿ ಒಬ್ಬಳು ಎದ್ದು, 'ಆ ಮುಖದಲ್ಲಿ ವೈಧವ್ಯದ ಆಳವೇ ಕಾಣಿಸಿತು' ಅಂದಳು. ಅಮ್ಮಾ ತಾಯಿ, ಅದು ಹಳಸಿದ ಸಾರು!

ಇದಕ್ಕೂ ನಗಲ್ವಾ? ಹೋಗಲಿ ಬಿಡು.

ನನ್ನನ್ನ ಆರಿಸಿದ್ದೂ ಹಾಗೇ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಮ್ಮ ಲ್ಯಾಬಿನ ಹಿಂದೆ ನೀರಿನ ಪಕ್ಕ ವಾಕಿಂಗ್ ದಾರಿ ಇದೆಯಲ್ಲ, ಲಂಚಲ್ಲಿ ಅಲ್ಲಿ ನಿಂತಿದ್ದೆ. ಈ ಡೈರೆಕ್ಟರು ಮಿಜುಶಿಮಾ ನೀರಿನ ಅಲೆ ಶೂಟ್ ಮಾಡ್ತಿದ್ದಳು, ಮಧ್ಯೆ ನಾನು. ಸರ್ಕೊಳ್ಳಿ ಅನ್ನೋಕೆ ಬಂದವಳು ನನ್ನ ಮುಖ ನೋಡಿ, ಹಾಗೇ ಇರಿ ಅಂದಳು. ನನ್ನ ಮುಖದಲ್ಲಿ ಏನೋ ಇದೆಯಂತೆ. ಇಷ್ಟು ವರ್ಷ ನಿಮ್ಮಮ್ಮನಿಗೆ ಕಾಣದ್ದು ಟೋಕಿಯೋದವಳಿಗೆ ಕಂಡಿತು!

...ತಮಾಷೆಗೆ ಅಂದೆ. ಯಾಕೆ ಹಾಗೆ ನೋಡ್ತೀಯ? ರಸ್ತೆ ನೋಡು.

ಅವಳು ಕೆಲಸ ಮಾಡೋ ರೀತಿನೇ ವಿಚಿತ್ರ. ಸ್ಕ್ರಿಪ್ಟ್ ಕೊಡಲ್ಲ. ಕಟ್ ಅನ್ನಲ್ಲ. ಕೊನೇ ದಿನ ಬಂದು ಬಗ್ಗಿ ನಮಸ್ಕಾರ ಮಾಡಿ, 'ಯೋಗಾನಂದ-ಸಾನ್, ಇವತ್ತು ನೀವು ನಿಮ್ಮ ಭಾಷೇಲಿ ಮಾತಾಡಿ. ಯಾರಿಗೂ ಹೇಳದೇ ಇರೋದು ಏನಾದರೂ ಹೇಳಿ. ನಾನು ಅರ್ಥ ಕೇಳಲ್ಲ, ಸಬ್‌ಟೈಟಲ್ ಹಾಕಲ್ಲ' ಅಂದಳು. ತೋಮಿಯೆ-ಸಾನ್‌ಗೂ ಅದೇ ಹೇಳಿದ್ದಳಂತೆ. ಅವರು ಏನು ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಹುಶಃ ನಾಳೆ ಈ ಮನುಷ್ಯ ಸಾರು ತರದೇ ಇರಲಿ ಅಂತ ಬೇಡ್ಕೊಂಡಿರಬೇಕು.

ನಾನಾ? ನಾನು ಬಸ್ಸಾರು ಮಾಡೋ ವಿಧಾನ ಹೇಳಿದೆ. ಸ್ಟೇಜ್ ಮೇಲೆ ಹೇಳಿದ್ದು ನಿಜಾನೇ. ಮಂಡ್ಯದವನು ಇನ್ನೇನು ಹೇಳ್ತಾನೆ? ಬೇಳೆ ಸೊಪ್ಪು ಬೇಯಿಸಿ ಕಟ್ಟು ಬಸಿದುಕೋ, ಈರುಳ್ಳಿ ಬೆಳ್ಳುಳ್ಳಿ ಹುರಿದು ರುಬ್ಬು, ಕುದಿಸು, ಒಗ್ಗರಣೆ ಹಾಕು. ಕಣ್ಣಲ್ಲಿ ನೀರು? ಅದು ಈರುಳ್ಳಿಗೆ. ಅಲ್ಲಿ ಈರುಳ್ಳಿ ಇರಲಿಲ್ಲ ಅಂತೀಯಾ? ನನಗೆ ಹೆಸರು ಹೇಳಿದರೂ ಸಾಕು, ಕಣ್ಣು ಉರಿಯುತ್ತೆ.

ಆದರೆ ಆ ಬೋಳುತಲೆಯವನು ಬಿಡಬೇಕಲ್ಲ! 'ಆಗಸ್ಟ್ ಅಂತ ಕೇಳಿಸಿತು, ಅಪಾರ್ಟ್‌ಮೆಂಟ್ ಅಂತಲೂ ಕೇಳಿಸಿತು' ಅಂದ. ನಮ್ಮ ಕನ್ನಡದ ದರಿದ್ರ ಇದೇ ನೋಡು, ಗುಟ್ಟಾಗಿ ಒಂದು ವಾಕ್ಯ ಆಡೋಣ ಅಂದರೆ ಅರ್ಧ ಇಂಗ್ಲಿಷು. ನಾನೂ ಬಿಡಲಿಲ್ಲ. ಆಗಸ್ಟಲ್ಲಿ ಸೊಪ್ಪು ಚೆನ್ನಾಗಿರುತ್ತೆ, ಅಪಾರ್ಟ್‌ಮೆಂಟಲ್ಲಿ ಒಗ್ಗರಣೆ ಹಾಕಿದರೆ ಸ್ಮೋಕ್ ಅಲಾರ್ಮ್ ಹೊಡ್ಕೊಳ್ಳುತ್ತೆ ಅಂದೆ. ಎಂಥ ಚಪ್ಪಾಳೆ ಬಂತು! ಆಮೇಲೆ ಶರಣ್ಯಾ ಅಂದರೇನು ಅಂತ ಕೇಳಿದ. ಆಮೇಲಿನದು ನಿನಗೆ ಗೊತ್ತಲ್ಲ.

ಗುಟ್ಟು ಅಂದೆನಾ? ಗುಟ್ಟು ಅಂದರೆ... ಮಾತಿಗೆ ಅಂದೆ.

ಒಂದು ಲೆಕ್ಕಕ್ಕೆ ಅಮ್ಮ ಬರದೇ ಇದ್ದದ್ದು ಒಳ್ಳೇದೇ ಆಯ್ತು. ಹೇಮಶ್ರೀ ಬಂದಿದ್ದರೆ ಬಸ್ಸಾರಿನ ತಪ್ಪೆಲ್ಲ ಅಲ್ಲೇ ಎದ್ದುನಿಂತು ತಿದ್ದಿರೋಳು. ನೀನಾದರೆ ನಿಶ್ಚಿಂತೆ. ನಿನ್ನ ಕನ್ನಡ 'ಊಟಕ್ಕೆ ಬಾ', 'ಶೂ ಬಿಚ್ಚು', ಅಷ್ಟೇ. ನಾನು ಕನ್ನಡದಲ್ಲಿ ಹೇಳು ಅಂತ ಬಾಯಿ ಬಡ್ಕೊಂಡರೂ ನೀನು ಉತ್ತರ ಕೊಡೋದು ಇಂಗ್ಲಿಷಲ್ಲೇ. ನಿನ್ನ ಬರ್ತ್‌ಡೇ ಗಿಫ್ಟನ್ನ ನಾನೂ ಅಮ್ಮನೂ ನಿನ್ನೆದುರೇ ಕೂತು ಕನ್ನಡದಲ್ಲಿ ಡಿಸೈಡ್ ಮಾಡ್ತಿದ್ವಲ್ಲ. ನೀನು ತಟ್ಟೆ ನೋಡ್ತಾ ಅನ್ನ ಕಲಸ್ತಾ ಇರ್ತಿದ್ದೆ. ಆಮೇಲೆ ಬಾಕ್ಸ್ ತೆಗೆದು 'ಓ ಮೈ ಗಾಡ್' ಅಂತ ಎಷ್ಟು ಕುಣೀತಿದ್ದೆ! ಅದೊಂದು ಅನುಕೂಲ ನಮಗೆ. ಮುಖ್ಯವಾದ ಮಾತೆಲ್ಲ ಊಟದ ಟೇಬಲ್ ಮೇಲೇ ಮುಗಿಸ್ತೀವಿ, ಸ್ವಲ್ಪ ದೊಡ್ಡ ದೊಡ್ಡ ಪದ ಹಾಕಿ.

ನೀರು ಎಷ್ಟು ಹೊಳೀತಿದೆ ನೋಡು. ಬ್ರಿಡ್ಜ್ ಮೇಲೆ ಗಾಳಿ ಜೋರು, ಸ್ಟೀರಿಂಗ್ ಗಟ್ಟಿ ಹಿಡ್ಕೋ. ಇಷ್ಟೊಂದು ಗಟ್ಟಿ ಬೇಡ.

ಚಳಿ ಅಂದಾಗ ನೆನಪಾಯ್ತು... ಚಳಿ ಅನ್ನಲಿಲ್ವಾ ನಾನು? ಗಾಳಿ ಅಂದೆ. ಒಂದೇ ಬಿಡು. ಬಾಸ್ಟನ್ ವಿಷಯ. ಹೋದ ವಾರ ಇದ್ದಕ್ಕಿದ್ದ ಹಾಗೆ ಬಾಸ್ಟನ್ ಬೇಡ, ಅಲ್ಲಿ ಚಳಿ, ಇಲ್ಲೇ ನಮ್ಮೂರು ನೆವಾರ್ಕಲ್ಲೇ ಕಮ್ಯುನಿಟಿ ಕಾಲೇಜಿಗೆ ಹೋಗ್ತೀನಿ, ಮನೇಲೇ ಇರ್ತೀನಿ ಅಂದೆಯಲ್ಲ. ಟಾಹೋ ಹಿಮದಲ್ಲಿ ಚಡ್ಡಿ ಹಾಕ್ಕೊಂಡು ಓಡಾಡಿದ ಮಹಾತಾಯಿಗೆ ಚಳಿ! ಎಷ್ಟು ವರ್ಷದ ಆಸೆ ಅದು ನಿಂದು. ಗೋಡೆ ತುಂಬ ಆ ಕಾಲೇಜಿನ ಬಾವುಟ ಇತ್ತು, ಅದನ್ನೂ ಕಿತ್ತುಹಾಕಿದೀಯ. ಅಮ್ಮ ಅಂತೂ ಊಟ ಬಿಟ್ಟು ಎದ್ದಳು. ನೀನು ಹೋಗಲೇಬೇಕು, ಆಗಸ್ಟಿಗೆ ಎಲ್ಲಾ ಪ್ಲ್ಯಾನ್...

ಪ್ಲ್ಯಾನ್ ಅಂದರೆ ನಿನ್ನ ಡಾರ್ಮು, ಜಾಕೆಟ್ಟು, ಅದು ಇದು.

ಎಕ್ಸಿಟ್! ಪುಟ್ಟಾ, ನಮ್ಮ ಎಕ್ಸಿಟ್ ಹೋಯ್ತಲ್ಲ! ಇಂಡಿಕೇಟರೇ ಹಾಕಲಿಲ್ಲ ನೀನು. ಪರವಾಗಿಲ್ಲ, ಮುಂದಿನದರಲ್ಲಿ ಇಳಿ. ಹೂಂ, ಇಲ್ಲೇ. ಈಗ ಎಡಕ್ಕೆ ತಗೋ... ಎಡಕ್ಕಮ್ಮಾ. ಇದು ಗ್ರೋಸರಿ ಪಾರ್ಕಿಂಗ್ ಲಾಟು. ಕೊತ್ತಂಬರಿ ಬೇಕು ಅಂದಳಾ ಅಮ್ಮ? ಇಲ್ವಾ? ಮತ್ತೆ ಇಂಜಿನ್ ಯಾಕೆ ಆಫ್ ಮಾಡಿದೆ?

ಕೀ ಕೊಡು, ನಾನು ಓಡಿಸ್ತೀನಿ. ಆಯ್ತು, ಬೇಡ. ಕೂತಿರೋಣ. ಆ ಸಿನಿಮಾದ ಹಾಗೇ ಆಯ್ತು, ಇಬ್ಬರು ಕೂತಿದ್ದಾರೆ, ಯಾರೂ ಮಾತಾಡಲ್ಲ. ಸಾರೊಂದು ಇಲ್ಲ.

ಶರಣ್ಯಾ... ನಾನು ಆಗಿನಿಂದ ಬಡಬಡಾಯಿಸ್ತಿರೋದು ಕನ್ನಡದಲ್ಲೇ ಅಲ್ವಾ? ನಾನು ಸ್ವಲ್ಪ ಉದ್ದ ಮಾತಾಡಿದರೆ ಸಾಕು, 'ವಾಟ್?' ಅಂತೀಯ. 'ಅಪ್ಪಾ, ಇಂಗ್ಲಿಷ್ ಪ್ಲೀಸ್' ಅಂತೀಯ. ಸ್ಯಾನ್ ಮಟಿಯೋ ಥಿಯೇಟರಿಂದ ಇಲ್ಲೀತನಕ ಒಂದೇ ಒಂದು ಸಲಾನೂ ಅನ್ನಲಿಲ್ವಲ್ಲ ನೀನು.

ಇಲ್ಲ ಇಲ್ಲ. ಅದು ಪಾತ್ರದ ಮಾತು ಪುಟ್ಟಾ. ಆಕ್ಟಿಂಗ್ ಅದು. ಸಿನಿಮಾದಲ್ಲಿ ಏನೇನೋ ಹೇಳ್ತಾರೆ. 'ಆಗಸ್ಟಲ್ಲಿ ಶರಣ್ಯಾ ಕಾಲೇಜಿಗೆ ಹೋಗ್ತಾಳೆ, ಅವಳು ಹೋದಮೇಲೆ ನಾನು ಬೇರೆ ಅಪಾರ್ಟ್‌ಮೆಂಟಿಗೆ ಹೋಗ್ತೀನಿ, ಹೇಮಶ್ರೀಗೂ ಒಪ್ಪಿಗೆ, ಮಗೂಗೆ ಹೇಳೋ ಧೈರ್ಯ ಮಾತ್ರ ಇಬ್ಬರಿಗೂ ಇಲ್ಲ'... ಇದನ್ನ ಕೇಳಿ ಆ ತೋಮಿಯೆ-ಸಾನ್ ಬಟ್ಟಲು ಕೆಳಗಿಟ್ಟು ನನ್ನ ಕೈ ಹಿಡ್ಕೊಂಡರು. ಅವರಿಗೆ ಒಂದಕ್ಷರ ಅರ್ಥ ಆಗಿರಲಿಲ್ಲ. ಸಿನಿಮಾ ನೋಡೋರಲ್ಲಿ ಯಾರಿಗೂ ಅರ್ಥ ಆಗಲ್ಲ ಅಂತಲೇ ನಾನು...

ಆಗಿದ್ದು ನಿನಗೆ ಒಬ್ಬಳಿಗೆ.

ಟಿಶ್ಯೂ ನನಗ್ಯಾಕೆ ಕೊಡ್ತೀಯ? ನಾನೇನೂ ಅಳ್ತಿಲ್ಲ. ಕೊಡು.

ಇವತ್ತೇ ಗೊತ್ತಾಗಿದ್ದಾ? ...ಇವತ್ತಲ್ಲ. ಹಾಗಾದರೆ ಊಟದ ಟೇಬಲ್ಲು. ಅಯ್ಯೋ ದೇವರೇ. ನಿನ್ನೆದುರು ಕೂತು, ಅನ್ನ ಬಡಿಸ್ತಾ, ಯಾರು ಯಾವ ಪಾತ್ರೆ ತಗೋಬೇಕು ಅನ್ನೋ ತನಕ ಮಾತಾಡಿದ್ವಲ್ಲ. ನೀನು ತಟ್ಟೆ ನೋಡ್ತಾ ಕಲಸ್ತಾ ಇದ್ದೆ. ಮತ್ತೆ ಆ ಬರ್ತ್‌ಡೇ ಬಾಕ್ಸುಗಳು? ಪ್ರತಿ ವರ್ಷ ಆ 'ಓ ಮೈ ಗಾಡ್'? ಎಲ್ಲಾ ಮೊದಲೇ ಗೊತ್ತಿತ್ತಾ? ಆ ಮಿಜುಶಿಮಾ ತಪ್ಪು ಆಳನ್ನ ಹಿಡಿದಳು ನೋಡು. ನಮ್ಮ ಮನೇಲಿ ಆಕ್ಟರು ನಾನಲ್ಲ.

ತಾಳು. ಬಾಸ್ಟನ್ ಬೇಡ ಅಂದದ್ದು... ಚಳಿಗಲ್ಲ. ನೀನು ಹೋಗದೇ ಮನೇಲೇ ಇದ್ದುಬಿಟ್ಟರೆ ನಮ್ಮ ಪಾಲಿಗೆ ಆಗಸ್ಟೇ ಬರಲ್ಲ ಅಂತ. ಹೌದಾ? ಅದಕ್ಕಾ ಗೋಡೆ ಮೇಲಿನ ಬಾವುಟ ಕಿತ್ತದ್ದು?

ಪುಟ್ಟಾ, ನೋಡಿಲ್ಲಿ. ತಲೆ ತಗ್ಗಿಸಬೇಡ. ಕಿರುಚು ಬೇಕಾದರೆ. ಇಷ್ಟು ಹೊತ್ತು ನಾನೊಬ್ಬನೇ ಒದರಿದೆ, ಈಗ ನೀನು ಏನಾದರೂ ಹೇಳು.

ಕನ್ನಡ ಬೇಡ. ಇಂಗ್ಲಿಷಲ್ಲೇ ಹೇಳು.