ಮೂರೇ ತಿಂಗಳಿಗೆ ಸವೆದ ಶೂ

ಶೂ ಅಂಗಡಿಯಲ್ಲಿ ದೂರು ಹೇಳುವ ಕೌಂಟರಿನ ಮುಂದೆ ನಾನು ಕಿತ್ತುಹೋದ ಚಪ್ಪಲಿ ಹಿಡಿದು ನಿಂತಿದ್ದೆ. ನನಗಿಂತ ಮುಂದೆ ಯಾರೋ ಅತ್ತೆ, ಸೊಸೆ. ಸೊಸೆಯ ಕೈಯಲ್ಲಿದ್ದ ಓಟದ ಶೂಗಳ ಅಡಿಭಾಗ ನುಣ್ಣಗೆ ಸವೆದಿತ್ತು.

“ಹೂವಿನ ಹಾಗೆ ಹಗುರ ಇದೆ, ಅದೇನೋ ಸರಿ. ಆದ್ರೆ ದಿನಾ ಓಡೋರಿಗೆ ಬಾಳಿಕೆ ಬರ್ಬೇಕಲ್ವಾ ಅತ್ತೆ?”

“ಸುಮ್ನೆ ಯಾಕೆ ದೂರ್ತೀಯ? ಹಿಮ್ಮಡಿಗೆ ಮೆತ್ತಗಿದೆ, ಬೆರಳಿಗೆ ಜಾಗ ಇದೆ. ಮಂಡಿ ಒಂದಿನಾನೂ ನೋಯ್ಲಿಲ್ಲ.”

“ಯಾರ ಮಂಡಿ?”

ಅತ್ತೆ ಗೋಡೆಯ ಮೇಲಿನ ಬೆಲೆಪಟ್ಟಿ ಓದತೊಡಗಿದರು.

“ಅತ್ತೆ, ಯಾರ ಮಂಡಿ?”

“ನೀನು ಬೆಳಿಗ್ಗೆ ಓಡಿ ಬಂದು ಕೆಲಸಕ್ಕೆ ಹೋಗ್ತೀಯ. ಶೂ ಮನೇಲಿ ಬಿದ್ದಿರತ್ತೆ. ನನ್ನ ಕಾಲಿಗೂ ಸರಿಯಾಗತ್ತೆ.”

“ವಾಕಿಂಗ್‌ಗೆ ಹಾಕ್ಕೊಂಡ್ರಾ? ನಡೆದ್ರೆ ಇಷ್ಟು ಸವೆಯಲ್ವಲ್ಲ.”

“ನಡೆದೋರು ಯಾರು? ಓಡ್ತೀನಿ. ಮೈದಾನಕ್ಕೆ ಹನ್ನೆರಡು ಸುತ್ತು.”

“ಹನ್ನೆರಡಾ! ನಾನೇ ಹತ್ತಕ್ಕೆ ಏದುಸಿರು ಬಿಡ್ತೀನಿ!”

“ಗೊತ್ತು. ಮೊದಲನೇ ಸುತ್ತಲ್ಲೇ ದಮ್ಮೆಲ್ಲ ಖರ್ಚು ಮಾಡ್ತೀಯ. ಮಹಡಿಯಿಂದ ನೋಡ್ತಿರ್ತೀನಲ್ಲ.”

ಅವರ ಸರದಿ ಬಂತು.

“ಏನು ತೊಂದರೆ ಮೇಡಂ?” ಎಂದ ಕೌಂಟರಿನವನು.

ಸೊಸೆ ಶೂಗಳನ್ನು ಚೀಲಕ್ಕೆ ಹಾಕಿಕೊಂಡಳು.

“ತೊಂದರೆ ಏನಿಲ್ಲ. ಇಬ್ಬರು ಓಡಿದ್ರೂ ಮೂರು ತಿಂಗಳು ಬಂದಿದೆ. ಇದೇ ಥರದ್ದು ಎರಡು ಜೊತೆ ಬೇಕು. ನಮ್ಮತ್ತೆ ದಿನಾ ಹನ್ನೆರಡು ಸುತ್ತು ಓಡ್ತಾರೆ!”

“ನಿನ್ನೆ ಹದಿಮೂರು” ಎಂದು, ನನಗೂ ಕೇಳಿಸುವಂತೆ ತಿದ್ದಿ, ಅತ್ತೆ ಶೂ ಕಪಾಟುಗಳ ಕಡೆಗೆ ಸೊಸೆಗಿಂತ ಮುಂದಾಗಿ ಹೊರಟರು.