ಎರಡು ಗಂಟೆಗೆ ಎಲ್ಲರೂ ಹೊರಗೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನಮ್ಮ ಎಣ್ಣೆ ಗಿರಣಿಯ ಯಜಮಾನರೇ, ಸಾಫ್ಟ್‌ವೇರ್ ಕಂಪನಿಯಿಂದ ಬಂದಿರುವ ಅತಿಥಿಗಳೇ, ಪಾಳಿ ಮುಗಿಸಿ ಊಟಕ್ಕೂ ಹೋಗದೆ ಕುಳಿತಿರುವ ಸಭಿಕರೇ,

ಬೀಳ್ಕೊಡುಗೆಯ ದಿನ ನಿವೃತ್ತನಾಗುವವನ ಬಗ್ಗೆ ಒಳ್ಳೆಯದನ್ನೇ ಹೇಳುತ್ತಾರೆ. ಅರ್ಧ ಗಂಟೆಯಿಂದ ಕೇಳುತ್ತಿದ್ದೇನೆ, ಈ ಏಕಾಂತಪ್ಪ ಯಾರೋ ಬಹಳ ದೊಡ್ಡ ಮನುಷ್ಯನಿರಬೇಕು ಅಂತ ನನಗೂ ಅನ್ನಿಸತೊಡಗಿದೆ. ಚಳ್ಳಕೆರೆಯಲ್ಲಿ ಗಿರಣಿಗಳಿಗೇನು ಬರ, ಆದರೆ ಮೊದಲು ಕಂಪ್ಯೂಟರ್ ತಂದವರು ಯಾರು? ನಾವು. ತಂದದ್ದನ್ನು ನಡೆಸಿದವರು ಯಾರು? ಅದೂ ನಾವು. ತೊಂಬತ್ತೆಂಟರಲ್ಲಿ ಅದು ಬಂದ ದಿನ ಪೂಜೆ ಮಾಡಿ, ಮೌಸಿಗೂ ಕುಂಕುಮ ಹಚ್ಚಿದೆವು, ಅದು ಅಂಟಿಕೊಂಡು ಮೂರು ದಿನ ಅಲ್ಲಾಡಲಿಲ್ಲ.

ಅದಕ್ಕೂ ಮುಂಚೆ ಏನಿತ್ತು? ಈಗಿನವರು ನೋಡಿಲ್ಲ. ಗೇಟಿನ ಬಳಿ ಒಂದು ಹಲಗೆ, ಹಲಗೆಯ ತುಂಬಾ ಮೊಳೆ, ಒಂದೊಂದು ಮೊಳೆಗೂ ನಂಬರು ಹೊಡೆದ ಹಿತ್ತಾಳೆ ಬಿಲ್ಲೆ. ಒಳಗೆ ಹೋಗುವವನು ತನ್ನ ಬಿಲ್ಲೆ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು, ಹೊರಗೆ ಬಂದವನು ತನ್ನ ಕೈಯಾರೆ ಮೊಳೆಗೆ ಹಾಕಬೇಕು. ಕಾವಲಿಗೆ ವಲಿಸಾಬರು. ಪಾಳಿ ಬದಲಾದಾಗ ಫೋರ್‌ಮನ್ ದುರುಗೇಶ್ ಒಳಗಿನಿಂದ ಕೂಗಿ ಕೇಳುತ್ತಿದ್ದ, "ಮೊಳೆ ತುಂಬಿದ್ವಾ ಸಾಬಣ್ಣ?" ಅಂತ. "ಒಂದು ಖಾಲಿ ಐತೆ, ತಡೀರಿ" ಅಂದರೆ ಯಂತ್ರ ಹೊರಳುತ್ತಿರಲಿಲ್ಲ, ಲಾರಿಯಿಂದ ಒಂದು ಶೇಂಗಾಕಾಯಿಯೂ ನೆಲದಡಿಯ ಗುಂಡಿಗೆ ಬೀಳುತ್ತಿರಲಿಲ್ಲ. ಒಬ್ಬನಿಗಾಗಿ ಗಿರಣಿಯೇ ಕಾಯುತ್ತಿತ್ತು. ನನಗೆ ಅದನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. ಎಷ್ಟು ಸಮಯ ಹಾಳು!

ಆ ಹಲಗೆ ತೆಗೆಸಿದವನು ನಾನೇ. ಬಿಲ್ಲೆಗಳನ್ನು ತೂಕಕ್ಕೆ ಹಾಕಿಸಿದೆ. ಬಂದವರು ನಂಬರು ಹೇಳುವುದು, ಹೋಗುವವರು ನಂಬರು ಹೇಳುವುದು, ಗೇಟಿನ ಪಕ್ಕದ ಆಫೀಸಿನಲ್ಲಿ ಕೂತ ನಾನು ಕಂಪ್ಯೂಟರಿನಲ್ಲಿ ಒತ್ತುವುದು. ಎರಡು ಸಾವಿರದ ಒಂದರಲ್ಲಿ ಹೊಸ ಆವೃತ್ತಿ ಹಾಕಿಸಿದೆವು. ಅದರಲ್ಲೊಂದು ಬಿಗಿ ಇತ್ತು. ಮೊದಲ ಪಾಳಿಯವರೆಲ್ಲ ಹೊರಗೆ ಬಂದರೆಂದು ದಾಖಲಾಗುವ ತನಕ ಎರಡನೇ ಪಾಳಿಯ ಒಬ್ಬನ ನಂಬರನ್ನೂ ಅದು ತೆಗೆದುಕೊಳ್ಳುತ್ತಿರಲಿಲ್ಲ. ನಮ್ಮ ಜನ ನಂಬರು ಹೇಳದೆ ಹಾಗೇ ಹೋಗಿಬಿಡುತ್ತಿದ್ದರು. ಹೊರಗಡೆ ಬಿಸಿಲಲ್ಲಿ ಐವತ್ತು ಜನರ ಸಾಲು. ಏನು ಮಾಡಬೇಕು? ನಾನೊಂದು ದಾರಿ ಕಂಡುಹಿಡಿದೆ. ಎಫ್-ಸೆವೆನ್ ಕೀಲಿ ಒತ್ತಿದರೆ ಸಾಕು, ಕಂಪ್ಯೂಟರಿನ ಲೆಕ್ಕದಲ್ಲಿ ಎಲ್ಲರೂ ಹೊರಗೆ. ಸಾಫ್ಟ್‌ವೇರ್ ಕಂಪನಿಯವರೇ ಫೋನಿನಲ್ಲಿ ನನ್ನನ್ನು ಹೊಗಳಿದರು.

ಅದರ ಮರುವರ್ಷ ಫೆಬ್ರವರಿಯ ಆ ಶನಿವಾರದ ಸುದ್ದಿ ಎತ್ತಬಾರದೆಂದು ಮನೆಯಿಂದಲೇ ನಿಶ್ಚಯಿಸಿಕೊಂಡು ಬಂದಿದ್ದೆ. ಎರಡು ವಾಕ್ಯದಲ್ಲಿ ಮುಗಿಸುತ್ತೇನೆ. ಮೊಳಕಾಲ್ಮೂರು ಕಡೆಯ ತಿಪ್ಪಯ್ಯ, ನಂಬರು ಮೂವತ್ತೊಂದು, ಗುಂಡಿಯ ತಳದ ಬಾಯಿ ಕಟ್ಟಿಕೊಂಡಿದೆ ಎಂದು ಸಲಾಕೆ ಹಿಡಿದು ಒಳಗಿಳಿದಿದ್ದ. ಎರಡು ಗಂಟೆಗೆ ದುರುಗೇಶ್ ಫೋನ್ ಮಾಡಿ "ಎಲ್ಲಾ ಬಂದ್ರಾ ಸಾರ್? ಲಾರಿ ಸುರೀಬೋದಾ?" ಅಂದ, ನಾನು ಎಫ್-ಸೆವೆನ್ ಒತ್ತಿ "ಒಳಗೆ ಸೊನ್ನೆ ಐತೆ, ಸುರೀರಿ" ಅಂದೆ.

ನಾನು ಒತ್ತಿದೆ ಅಂದೆನೇ?

ಅಂದೆ. ಯಜಮಾನರು ನನ್ನ ಮುಖ ನೋಡುತ್ತಿದ್ದಾರೆ. ವಿಚಾರಣೆಯಲ್ಲಿ ನಾನು ಹೇಳಿದ್ದು ಹೀಗಲ್ಲ. ಒಬ್ಬೊಬ್ಬರೂ ನಂಬರು ಹೇಳಿ ಹೋದರು, ತಿಪ್ಪಯ್ಯನೂ ಹೇಳಿ ಹೋದ ಅಂದಿದ್ದೆ.

ಆಗಿದ್ದಾಗಲಿ, ಬಾಯಿಂದ ಬಂದದ್ದನ್ನು ಪೂರ್ತಿ ಮಾಡುತ್ತೇನೆ. ಲಾರಿ ಹಿಂದಕ್ಕೆ ಬರುವಾಗ ವಲಿಸಾಬರು ಓಡಿ ಬಂದರು. "ಸಾರ್, ಗುಂಡಿ ಹತ್ರ ತಿಪ್ಪಯ್ಯನ ಚಪ್ಪಲಿ ಐತೆ. ಚಪ್ಪಲಿ ಬಿಟ್ಟು ಬಿಸಿಲಾಗೆ ಯಾರು ಹೋಗ್ತಾರೆ? ಸ್ವಲ್ಪ ನಿಲ್ಸಿ" ಅಂದರು. ನಾನು ಪರದೆಯನ್ನು ಅವರ ಕಡೆ ತಿರುಗಿಸಿ, "ಓದೋಕೆ ಬರುತ್ತಾ ಸಾಬರೇ? ಇದು ಸುಳ್ಳು ಹೇಳುತ್ತಾ?" ಅಂದೆ. ಅವರು ಇನ್ನೂ ನಿಂತೇ ಇದ್ದರು. ಹೊರಗೆ ಶೇಂಗಾ ಸುರಿಯುವ ಸದ್ದು ಕೇಳಿತು. ತಿಪ್ಪಯ್ಯ ಸಿಕ್ಕಿದ್ದು ನಾಲ್ಕೂವರೆಗೆ.

ವಿಚಾರಣೆಗೆ ನಾನು ಕೊಟ್ಟ ಕಾಗದದಲ್ಲಿ ನಲವತ್ಮೂರು ಜನ ಹೊರಗೆ ಹೋದ ಸಮಯವಿತ್ತು. ಎರಡು ಗಂಟೆ ಹನ್ನೊಂದು ಸೆಕೆಂಡು. ನಲವತ್ಮೂರು ಜನಕ್ಕೂ ಅದೇ ಹನ್ನೊಂದನೇ ಸೆಕೆಂಡು. ನಮ್ಮ ಗೇಟಿನ ಕಿಂಡಿಯಲ್ಲಿ ಇಬ್ಬರು ಒಟ್ಟಿಗೆ ನುಸುಳಲಾಗುವುದಿಲ್ಲ, ನಿಮಗೆ ಗೊತ್ತಿದೆ. ಯಾರಾದರೂ ಕೇಳಿದರೇ? ಯಾರೂ ಕೇಳಲಿಲ್ಲ. ಕಂಪ್ಯೂಟರಿನ ಕಾಗದ ನೋಡಿ ಎಲ್ಲರೂ ತಲೆಯಾಡಿಸಿದರು. ಹೊರಗೆ ಹೋದವನು ಕದ್ದು ಒಳಗೆ ಬಂದು ಗುಂಡಿಯಲ್ಲಿ ಮಲಗಿದ್ದ, ತಪ್ಪು ಅವನದೇ ಎಂದು ಬರೆದರು. ಕದ್ದು ಬರಲು ಬಿಟ್ಟ ತಪ್ಪಿಗೆ ವಲಿಸಾಬರನ್ನು ತೆಗೆದುಹಾಕಿದರು. ಅವರೀಗ ಬಳ್ಳಾರಿ ರಸ್ತೆಯಲ್ಲಿ ಪಂಚರ್ ಹಾಕುತ್ತಾರೆ. ನನ್ನ ಸ್ಕೂಟರಿನ ಗಾಳಿ ಅವರ ಅಂಗಡಿಯ ಮುಂದೆಯೇ ಹೋದರೂ ಮುಂದಿನ ಅಂಗಡಿಗೆ ತಳ್ಳಿಕೊಂಡು ಹೋಗಿದ್ದೇನೆ. ನಾಚಿಕೆಯಾಗುತ್ತದೆ ಸಭಿಕರೇ, ಬಹಳ ನಾಚಿಕೆಯಾಗುತ್ತದೆ.

ತಿಪ್ಪಯ್ಯನ ಹೆಂಡತಿ ಯರ್ರಮ್ಮ ವಿಚಾರಣೆ ಮುಗಿದ ಮೇಲೆ ತೆಲುಗು ರಾಗದ ಕನ್ನಡದಲ್ಲಿ ಒಂದೇ ಮಾತು ಕೇಳಿದಳು. "ನಿದ್ದಿ ಮಾಡಾಕೆ ಗುಂಡಿಗ್ಯಾಕೆ ಇಳೀತಾನೆ ಸಾರೂ? ಮನ್ಯಾಗೆ ಚಾಪಿ ಐತಲ್ಲ. ಊರಾಗೆ ಎಲ್ಲಾ ಮೈಗಳ್ಳ ಅಂತಾರೆ, ನೀವಾದ್ರೂ ಹೇಳ್ರಿ, ಅವನು ಹಂಗಲ್ಲ ಅಂತ." ನಾನು ಹೇಳಲಿಲ್ಲ. ಯಜಮಾನರು ದೊಡ್ಡ ಮನಸ್ಸು ಮಾಡಿ ಆಕೆಗೆ ಆಫೀಸು ಗುಡಿಸುವ ಕೆಲಸ ಕೊಟ್ಟರು. ಅದಕ್ಕೆ ಸಭೆಯಲ್ಲಿ ಚಪ್ಪಾಳೆಯೂ ಬಿತ್ತು, ನಾನೂ ತಟ್ಟಿದೆ.

ಅಧ್ಯಕ್ಷರು ಗಂಟೆ ಬಾರಿಸುತ್ತಿದ್ದಾರೆ. ಕೇಳಿಸುತ್ತಿದೆ ಸಾರ್, ಮುಗಿಸಿದೆ. ಸಭೆಯ ನಡಾವಳಿ ಬರೆಯುತ್ತಿರುವ ಶಶಿರೇಖಾ ಅವರೇ, ಪೆನ್ನು ಯಾಕೆ ನಿಲ್ಲಿಸಿದಿರಿ? ಬರೆಯಿರಿ. ಮೂವತ್ತೊಂದನೇ ನಂಬರಿನ ತಿಪ್ಪಯ್ಯ ಕೆಲಸ ಮಾಡುತ್ತಿದ್ದಾಗ ಸತ್ತ. ವಲಿಸಾಬರು ಯಾರನ್ನೂ ಒಳಗೆ ಬಿಡಲಿಲ್ಲ. ಹೀಗೆಂದು ಏಕಾಂತಪ್ಪ ಎಲ್ಲರೆದುರು ಹೇಳಿದ ಅಂತ ಬರೆಯಿರಿ, ಇಳಿದು ಬಂದು ಸಹಿ ಹಾಕುತ್ತೇನೆ.

ಕಡೆಯದಾಗಿ ವಂದನೆ ಹೇಳಬೇಕು. ಕರೆದವರಿಗೆ, ಹಾರ ಹಾಕಿದವರಿಗೆ ಆಮೇಲೆ ಹೇಳಿಕೊಳ್ಳುತ್ತೇನೆ. ಅಲ್ಲಿ ಬಾಗಿಲ ಹತ್ತಿರ ಪೊರಕೆ ಹಿಡಿದು ನಿಂತಿದ್ದೀರಲ್ಲ, ಯರ್ರಮ್ಮನವರೇ, ಆರು ವರ್ಷ ದಿನಾ ಬೆಳಿಗ್ಗೆ ನಾನು ಬರುವ ಮೊದಲು ನೀವು ಆ ಕಂಪ್ಯೂಟರಿನ ಧೂಳು ಒರೆಸಿಟ್ಟಿದ್ದೀರಿ. ನಿಮಗೆ ನನ್ನ ನಮಸ್ಕಾರ.