ಹಳೆಯ ಡಿಸ್ಕಿನಲ್ಲಿದ್ದ ಅನ್ನಮ್ಮ

ಹೆಸರು: ಪ್ರೇಮಾ, ಊರವರ ಬಾಯಲ್ಲಿ ಪ್ರೇಮಕ್ಕ, ಕೋಂ ದಿವಂಗತ ಪುಟ್ಟಪ್ಪ. ವಯಸ್ಸು: 63 ವರ್ಷ. ಕಸುಬು: ಬೆಳಕು ಸ್ಟುಡಿಯೋದಲ್ಲಿ ಫೋಟೋ ತಿದ್ದುವ ಕೆಲಸ. ವಾಸ: ಸದರಿ ಸ್ಟುಡಿಯೋದಿಂದ ನಡೆದು ಆರು ನಿಮಿಷದ ಸ್ವಂತ ಮನೆ, ಬಾಳೆಹೊನ್ನೂರು, ನರಸಿಂಹರಾಜಪುರ ತಾಲ್ಲೂಕು.

ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ಬೆಳಕು ಸ್ಟುಡಿಯೋದಿಂದ ಕಳುವಾಗಿದೆ ಎಂದು ಮಾಲೀಕ ಕಾಂತೇಶ್ ದೂರು ಕೊಟ್ಟಿರುವ ಹಾರ್ಡ್ ಡಿಸ್ಕ್ ಕಳುವಾಗಿಲ್ಲ. ಅದನ್ನು ನಾನೇ ನನ್ನ ಎರಡು ಕೈಯಿಂದ ಎತ್ತಿ ಕೊಟ್ಟಿದ್ದೇನೆ. ಕೊಪ್ಪದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಧರ್ಮೇಶ್ ಎಂಬವರ ಮೇಲೆ ಬಂದಿರುವ ಅನುಮಾನ ಸುಳ್ಳು. ಆತ ಭಾನುವಾರ ಹತ್ತು ಗಂಟೆಯಿಂದ ನಾಲ್ಕು ಗಂಟೆಯವರೆಗೆ ಠಾಣೆಯ ಬೆಂಚಿನ ಮೇಲೆ ಕೂರುವಂತಾಗಿದ್ದು ನನ್ನ ದೆಸೆಯಿಂದ. ಇದನ್ನು ಎಲ್ಲಕ್ಕಿಂತ ಮೊದಲು ಬರೆದುಕೊಳ್ಳಿ ಎಂದು ಕೇಳಿಕೊಂಡಿದ್ದೇನೆ. ಉಳಿದದ್ದು ಆಮೇಲೆ.

ನಾನು 1983ರಲ್ಲಿ, ನನ್ನ ಇಪ್ಪತ್ತೊಂದನೇ ವಯಸ್ಸಿನಲ್ಲಿ, ಕಾಂತೇಶನ ತಂದೆ ರೇಣುಕಪ್ಪನವರ ಕೈಕೆಳಗೆ ಕೆಲಸಕ್ಕೆ ಸೇರಿದೆ. ಆಗ ಫೋಟೋ ತಿದ್ದುವುದೆಂದರೆ ನೆಗೆಟಿವ್ ಅನ್ನು ಗಾಜಿನ ಮೇಲಿಟ್ಟು, ಕೆಳಗಿನಿಂದ ಬೆಳಕು ಕೊಟ್ಟು, ಚೂಪು ಪೆನ್ಸಿಲಿನಿಂದ ಮೊಡವೆ, ಸುಕ್ಕು, ಕಲೆ ಮುಚ್ಚುವುದು. ಒಂದು ಮುಖಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ರೇಣುಕಪ್ಪನವರ ಅಂಗಡಿಯಲ್ಲಿ ಎರಡು ಕಟ್ಟಳೆ ಇದ್ದವು. ಮೊದಲನೆಯದು, ಮುಖದ ಮೇಲಿನ ಯಾವ ಗುರುತನ್ನೂ ಮನೆಯವರನ್ನು ಕೇಳದೆ ತೆಗೆಯಬಾರದು. ಎರಡನೆಯದು, ತೀರಿಹೋದವರ ನೆಗೆಟಿವ್ ಅಂಗಡಿಯಲ್ಲಿ ಉಳಿಯಬಾರದು, ಅದು ಆ ಮನೆಗೆ ಸೇರಿದ್ದು. ಬಟರ್ ಪೇಪರ್ ಕವರಿನಲ್ಲಿ ಹಾಕಿ ಎರಡು ಕೈಯಿಂದ ಕೊಡುತ್ತಿದ್ದರು. ಒಂದು ತುಂಡು ಫಿಲ್ಮಿನಲ್ಲಿ ನಾಲ್ಕು ಜನರ ಫೋಟೋಗಳಿರುತ್ತಿದ್ದವು. ಕತ್ತರಿ ಹಾಕಿದರೆ ಪಕ್ಕದ ಮುಖ ಹಾಳಾದೀತೆಂದು ಇಡೀ ತುಂಡನ್ನೇ ಕೊಟ್ಟುಬಿಡುತ್ತಿದ್ದರು. ಹೀಗೆ ಒಬ್ಬರು ತೀರಿಕೊಂಡರೆ ಬೇರೆ ಮೂರು ಮನೆಯವರೂ ಜೊತೆಗೆ ಹೋಗುತ್ತಿದ್ದರು. ಯಾರೂ ತಕರಾರು ಮಾಡಿದ್ದಿಲ್ಲ. ಆ ಡಾರ್ಕ್‌ರೂಮಿನ ಹುಳಿ ವಾಸನೆ, ಕೆಂಪು ದೀಪ, ಟ್ರೇಯಲ್ಲಿನ ನೀರಿನೊಳಗೆ ನಿಧಾನವಾಗಿ ಮೂಡುವ ಮುಖ ಇವೆಲ್ಲ ನನಗೆ ಈಗಲೂ ನಿನ್ನೆಯದರ ಹಾಗೆ ನೆನಪಿವೆ. ಹೇಳಿಕೆ ಬರೆದುಕೊಳ್ಳುತ್ತಿರುವ ಸಾಹೇಬರು ಇದು ಕೇಸಿಗೆ ಬೇಕಾ ಎಂದು ಕೇಳಿದರು. ಬೇಕು, ಈ ಕೇಸಿನ ಬುಡ ಇರುವುದೇ ಅಲ್ಲಿ ಎಂದು ಹೇಳಿದ್ದೇನೆ.

ರೇಣುಕಪ್ಪನವರು 2014ರಲ್ಲಿ ಶಿವೈಕ್ಯರಾದರು. ಅದಕ್ಕೂ ಎಂಟು ವರ್ಷ ಮುಂಚೆಯೇ ಅಂಗಡಿಗೆ ಡಿಜಿಟಲ್ ಬಂದಿತ್ತು. ನಾನು ಕಂಪ್ಯೂಟರಿನಲ್ಲಿ ಬ್ರಶ್ ಹಿಡಿಯುವುದನ್ನು ಕಲಿತೆ. ಫೋಟೋಗಳು ಅದರೊಳಗೆ ಎಲ್ಲಿರುತ್ತವೆ ಎಂಬುದು ಕಾಂತೇಶನ ಇಲಾಖೆ. ನಾನು ಆ ತಂಟೆಗೆ ಹೋದವಳಲ್ಲ. 2006ರಿಂದ ಈಚೆಗೆ ಈ ಸೀಮೆಯಲ್ಲಿ ನಾವು ತೆಗೆದ ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲ ಒಂದೇ ಹಾರ್ಡ್ ಡಿಸ್ಕಿನಲ್ಲಿದ್ದವು. ಅದು ಮುದಿಯಾಗಿತ್ತು, ಕರ್ ಕರ್ ಎನ್ನುತ್ತಿತ್ತು. ಫೋಟೋ ತಿದ್ದುವ ಸಾಫ್ಟ್‌ವೇರ್ ತೆರೆಯಲು ಮೂರು ನಿಮಿಷ ನಲವತ್ತು ಸೆಕೆಂಡ್ ಬೇಕಿತ್ತು. ಅಷ್ಟರಲ್ಲಿ ನಾನು ಎದುರಿನ ಹೋಟೆಲಿನಿಂದ ಕಾಫಿ ತಂದು ಅರ್ಧ ಕುಡಿಯುತ್ತಿದ್ದೆ.

ದಿನಾಂಕ 29-10-2025ರ ಬುಧವಾರ ಬೆಳಿಗ್ಗೆ 11 ಗಂಟೆಗೆ ಧರ್ಮೇಶ್ ಕೊಪ್ಪದಿಂದ ಬಂದು ಕಂಪ್ಯೂಟರಿಗೆ ಎಸ್‌ಎಸ್‌ಡಿ ಎಂಬ ಹೊಸ ಡಿಸ್ಕ್ ಹಾಕಿದ. ಅಂಗೈಯಗಲ, ತೂಕವೇ ಇಲ್ಲ. ಒಳಗೆ ತಿರುಗುವ ತಟ್ಟೆ ಇಲ್ಲ, ಆದ್ದರಿಂದ ಸದ್ದೂ ಇಲ್ಲ. ಹಳೆಯ ಡಿಸ್ಕನ್ನು ಹೊರಗೆ ತೆಗೆದು, ಒಂದು ಕಪ್ಪು ಪೆಟ್ಟಿಗೆಗೆ ಹಾಕಿ, ತಂತಿಯಿಂದ ಕಂಪ್ಯೂಟರಿಗೆ ಸೇರಿಸಿದ. ಸಾಫ್ಟ್‌ವೇರ್ ಒಂಬತ್ತು ಸೆಕೆಂಡಿನಲ್ಲಿ ತೆರೆಯಿತು. ಕಾಂತೇಶ್ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿ, ಇನ್ನು ನಿಮ್ಮ ಕಾಫಿಗೆ ಕತ್ತರಿ ಬಿತ್ತು ಅಕ್ಕ ಎಂದು ನನ್ನನ್ನು ಆಡಿಕೊಂಡ.

31ನೇ ತಾರೀಖು ಶುಕ್ರವಾರ ಮೇಗುಂದದ ಕಡೆಯ ಮಂಜಪ್ಪನವರು, ವಯಸ್ಸು ಸುಮಾರು 70, ತಮ್ಮ ಹೆಂಡತಿ ಅನ್ನಮ್ಮನವರ ಫೋಟೋಗಾಗಿ ಮಗ ದೀಪುವನ್ನು ಕಳಿಸಿದ್ದರು. ಅನ್ನಮ್ಮನವರು ಅದಕ್ಕೂ ಏಳು ದಿನ ಮೊದಲು ತೀರಿಕೊಂಡಿದ್ದರು. ಹನ್ನೊಂದನೇ ದಿನಕ್ಕೆ ಫ್ರೇಮ್ ಬೇಕಿತ್ತು. ಅದೇ ದೀಪುವಿನ ನಿಶ್ಚಿತಾರ್ಥದಲ್ಲಿ, 2013ರಲ್ಲಿ, ನಾವೇ ತೆಗೆದ ಹದಿಮೂರು ಜನರ ಗುಂಪಿನ ಫೋಟೋದಿಂದ ಅವರ ಮುಖವನ್ನು ಬಿಡಿಸಿ ದೊಡ್ಡದು ಮಾಡಿದೆ. ಎಡ ಹುಬ್ಬಿನ ಮೇಲೆ ಅರ್ಧ ಇಂಚಿನ ಹಳೆಯ ಗಾಯದ ಗುರುತಿತ್ತು. ಒಂದು ಸಲ ಒತ್ತಿದೆ, ಹೋಯಿತು. ಪೂರ್ತಿ ಕೆಲಸ ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಪೆನ್ಸಿಲಿನ ಕಾಲದಲ್ಲಾಗಿದ್ದರೆ ಒಂದು ಗಂಟೆ ಆ ಮುಖವನ್ನೇ ನೋಡುತ್ತಿದ್ದೆ, ಈ ಗುರುತು ಎಂತದ್ದು ಎಂದು ದೀಪುವನ್ನು ಕೇಳಲು ನೆನಪಾಗುತ್ತಿತ್ತು. ಕೇಳಲಿಲ್ಲ. ಇದು ನನ್ನ ಮೊದಲನೇ ತಪ್ಪು.

06-11-2025ರ ಗುರುವಾರ ಬೆಳಿಗ್ಗೆ 11.20ಕ್ಕೆ ಮಂಜಪ್ಪನವರು ಒಬ್ಬರೇ ಬಸ್ಸಿನಲ್ಲಿ ಬಂದರು. ಕಂಕುಳಲ್ಲಿ ಟವೆಲ್ ಸುತ್ತಿದ ಫ್ರೇಮ್ ಇತ್ತು. ಅದನ್ನು ನನ್ನ ಮೇಜಿನ ಮೇಲಿಟ್ಟು, ಇದು ಅವಳಲ್ಲ ಎಂದರು. ನಾನು ಗಾಬರಿಯಾಗಿ ಬೇರೆಯವರ ಮುಖ ಬಿಡಿಸಿಬಿಟ್ಟೆನಾ ಎಂದು ನೋಡಿದೆ. ಮುಖ ಅನ್ನಮ್ಮನವರದ್ದೇ. ಆಮೇಲೆ ಅವರು ಆ ಗಾಯದ ವಿಷಯ ಹೇಳಿದರು. ಮದುವೆಯಾದ ವರ್ಷ ಕೊಪ್ಪದ ಟೆಂಟಿನಲ್ಲಿ ಸಿನಿಮಾ ನೋಡಿಕೊಂಡು ಹೆಂಡತಿಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬರುವಾಗ ಇಳಿಜಾರಿನಲ್ಲಿ ಬೀಳಿಸಿದ್ದರಂತೆ. ಎರಡು ಹೊಲಿಗೆ ಬಿದ್ದಿತ್ತಂತೆ. ಅವರು ಹೇಳಿದ ಮಾತು ಹೀಗಿದೆ: “ಜಗಳ ಆದ್ರೆ ಅವ್ಳು ಬಾಯಿ ಮಾಡ್ತಿರ್ಲಿಲ್ಲ ಪ್ರೇಮಕ್ಕ. ಹುಬ್ಬಿನ ಮೇಲೆ ಬೆರಳಿಟ್ಟು ತೋರಿಸ್ತಿದ್ಲು ಅಷ್ಟೆ. ನಾ ಅಲ್ಲಿಗೆ ಸುಮ್ನಾಗ್ತಿದ್ದೆ. ನೀವು ನಲ್ವತ್ತೇಳು ವರ್ಷ ಒರೆಸ್ಬಿಟ್ರಲ್ಲ.”

ನನಗೆ ನಿಂತಲ್ಲೇ ನೆಲ ಬಿರಿಯಬಾರದಾ ಎನ್ನಿಸಿತು. ಕಂಪ್ಯೂಟರ್ ತೆರೆದು ಮೂಲ ಫೋಟೋ ಹುಡುಕಿದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಂತು. ಗುಂಪಿನಲ್ಲಿ ಸಣ್ಣದಾಗಿ ಅನ್ನಮ್ಮನವರು, ಹುಬ್ಬಿನ ಮೇಲೆ ಗಾಯ. ಒಂದು ವಾರದೊಳಗೆ ಬೇರೆ ಫ್ರೇಮ್ ಮಾಡಿಕೊಡುತ್ತೇನೆ ಎಂದೆ. ಅವರು ಏಳಲಿಲ್ಲ. 1994ರಲ್ಲಿ ತಮ್ಮ ತಂದೆ ಹೋದಾಗ ರೇಣುಕಪ್ಪನವರು ನೆಗೆಟಿವ್ ಕೊಟ್ಟಿದ್ದರು, ಅದು ಈಗಲೂ ಪೆಟ್ಟಿಗೆಯಲ್ಲಿದೆ, ಇವಳದ್ದು ಕೊಡುವುದಿಲ್ಲವಾ ಎಂದು ಕೇಳಿದರು.

ಆ ಹೊತ್ತಿನಲ್ಲಿ ಕಾಂತೇಶ್ ನರಸಿಂಹರಾಜಪುರಕ್ಕೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದ. ಹಳೆಯ ಡಿಸ್ಕ್ ಗೋಡೆಯ ಹಲಗೆಯ ಮೇಲಿತ್ತು. ಅದು ರೇಣುಕಪ್ಪನವರ ಪೆಟ್ಟಿಗೆ ಕ್ಯಾಮೆರಾ, ಫೋಟೋ ದೊಡ್ಡದು ಮಾಡುತ್ತಿದ್ದ ಎನ್‌ಲಾರ್ಜರಿನ ಲೆನ್ಸ್, ನನ್ನ ಪೆನ್ಸಿಲ್ ಡಬ್ಬಿ ಇರುವ ಹಲಗೆ. ಕೆಲಸ ಮುಗಿಸಿದ ಸಾಮಾನುಗಳಿಗೆ ನಮ್ಮಲ್ಲಿ ಅದೇ ಜಾಗ. ಒಂದು ವಾರದಿಂದ ಡಿಸ್ಕಿಗೆ ಚುಚ್ಚಿದ್ದ ತಂತಿ ಅಂದು ಇರಲಿಲ್ಲ. ತಂತಿಯಿಲ್ಲದೆಯೇ ಫೋಟೋ ಬಂದಿದ್ದನ್ನು ಕಣ್ಣಾರೆ ನೋಡಿದ್ದೆ. ಹಾಗಾಗಿ ಕಾಂತೇಶ್ ವಾರವಿಡೀ ಎಲ್ಲವನ್ನೂ ಹೊಸದಕ್ಕೆ ಸಾಗಿಸಿ ಮುಗಿಸಿದ್ದಾನೆ, ಇದು ಇನ್ನು ಬರೀ ನೆಗೆಟಿವ್ ಎಂದು ತಿಳಿದೆ. ಬಟರ್ ಪೇಪರ್ ಸಿಗಲಿಲ್ಲ. ನನ್ನ ಹೊಸ ಕರವಸ್ತ್ರದಲ್ಲಿ ಸುತ್ತಿ, ಇದರೊಳಗೆ ನಿಮ್ಮ ಅನ್ನಮ್ಮ ಇದ್ದಾರೆ ಎಂದು ಹೇಳಿ ಕೊಟ್ಟೆ. ಅವರು ಕಣ್ಣಿಗೆ ಒತ್ತಿಕೊಂಡರು. 12.05ರ ಬಸ್ಸಿಗೆ ಹೋದರು. ಇಡೀ ಸೀಮೆಯ ಫೋಟೋ ಒಬ್ಬರಿಗೆ ಹೇಗೆ ಕೊಟ್ಟಿರಿ ಎಂದು ಸಾಹೇಬರು ಕೇಳುತ್ತಿದ್ದಾರೆ. ಫಿಲ್ಮಿನ ತುಂಡಿಗೆ ಕತ್ತರಿ ಹಾಕುವ ರೂಢಿ ನಮ್ಮಲ್ಲಿರಲಿಲ್ಲ ಎಂದು ಮೇಲೆಯೇ ಹೇಳಿದ್ದೇನೆ.

ಮರುದಿನ ಬೆಳಿಗ್ಗೆ ಕಾಂತೇಶನಿಗೆ ಹೇಳುವ ಮೊದಲೇ, ಕಿಗ್ಗದಲ್ಲಿರುವ ನನ್ನ ಅಕ್ಕ ಸೀತಕ್ಕ ಜಾರಿ ಬಿದ್ದಿದ್ದಾಳೆಂದು ಫೋನ್ ಬಂದು ಮೊದಲನೇ ಬಸ್ಸಿಗೆ ಹೋದೆ. ಅಲ್ಲಿ ಮೂರು ದಿನ ನನ್ನ ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಇತ್ತ ಕಾಂತೇಶ್ ಶುಕ್ರವಾರ ಮೇಘನ ಎಂಬ ಹುಡುಗಿಯ ಮದುವೆ ಆಲ್ಬಮ್ ಮಾಡಲು ಕೂತಾಗ ಹಲಗೆ ಖಾಲಿಯಿತ್ತು. ಶನಿವಾರ ದೂರು ಕೊಟ್ಟ. ಡಿಸ್ಕಿನ ಬೆಲೆ ಗೊತ್ತಿರುವವನು ಧರ್ಮೇಶ್ ಒಬ್ಬನೇ ಎಂದು ಅವನ ಹೆಸರನ್ನೂ ಬರೆಸಿದ.

ಇಂದು, 10-11-2025ರ ಸೋಮವಾರ, 9.40ಕ್ಕೆ ಅಂಗಡಿಗೆ ಬಂದಾಗ ಇದೆಲ್ಲ ತಿಳಿಯಿತು. ಎಲ್ಲ ಹೊಸದರಲ್ಲಿದೆಯಲ್ಲೋ ಮಾರಾಯ, ನಾನೇ ನೋಡಿದೆ ಎಂದೆ. ಕಾಂತೇಶ್ ತಲೆಯ ಮೇಲೆ ಕೈ ಹೊತ್ತು ಕೂತು ವಿವರಿಸಿದ. ಹೊಸ ಡಿಸ್ಕ್ ವೇಗಕ್ಕಾಗಿ ಮಾತ್ರ. ಸಣ್ಣದು, ಹತ್ತೊಂಬತ್ತು ವರ್ಷ ಅದರಲ್ಲಿ ಹಿಡಿಸುವುದಿಲ್ಲ. ಬೇಗ ಹುಡುಕಲು ಅನುಕೂಲವಾಗಲೆಂದು ಸಾಫ್ಟ್‌ವೇರ್ ಪ್ರತಿಯೊಂದು ಫೋಟೋದ ಒಂದು ಸಣ್ಣ ನಕಲನ್ನು ಅದರಲ್ಲಿ ಇಟ್ಟುಕೊಳ್ಳುತ್ತದೆ. ನಾನು ನೋಡಿದ್ದು ಆ ನಕಲು. ದೊಡ್ಡದು ಮಾಡಿದರೆ ಒಡೆದ ಹೆಂಚಿನ ಹಾಗೆ ಚೂರು ಚೂರಾಗುತ್ತದೆ. ಮೂಲ ಇರುವುದು ಹಳೆಯದರಲ್ಲಿ ಮಾತ್ರ. ತಂತಿಯನ್ನು ಅವನು ನರಸಿಂಹರಾಜಪುರಕ್ಕೆ ಲ್ಯಾಪ್‌ಟಾಪಿಗೆಂದು ಒಯ್ದಿದ್ದನಂತೆ, ಡಿಸ್ಕನ್ನು ಧೂಳು ಬೀಳದಿರಲೆಂದು ಹಲಗೆಯ ಮೇಲಿಟ್ಟಿದ್ದನಂತೆ. ಅವನು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ನಾನು ಅಲ್ಲಿಂದ ಓಡೋಡಿ 10.15ಕ್ಕೆ ಠಾಣೆಗೆ ಬಂದೆ.

ಹೆಡ್ ಕಾನ್‌ಸ್ಟೇಬಲ್ ಸುಂದರೇಶ್, ಕಾಂತೇಶ್ ಮತ್ತು ನಾನು ಜೀಪಿನಲ್ಲಿ ಹೊರಟು ಮಧ್ಯಾಹ್ನ 12.10ಕ್ಕೆ ಮಂಜಪ್ಪನವರ ಮನೆ ತಲುಪಿದೆವು. ಅವರ ಸೊಸೆ ನಯನ ನಮ್ಮನ್ನು ದೇವರ ಕೋಣೆಗೆ ಕರೆದೊಯ್ದಳು. ಫ್ರೇಮ್ ಇರಬೇಕಾದ ಜಾಗದಲ್ಲಿ ಮಣೆ, ಮಣೆಯ ಮೇಲೆ ನನ್ನ ಕರವಸ್ತ್ರ, ಅದರ ಮೇಲೆ ಡಿಸ್ಕ್. ಡಿಸ್ಕಿಗೆ ಕುಂಕುಮ ಹಚ್ಚಿ ಒಂದು ದಾಸವಾಳ ಇಟ್ಟಿದ್ದರು. ಬಿಸಿ ತಾಗಬಾರದೆಂದು ದೀಪವನ್ನು ಎರಡು ಅಡಿ ದೂರ ಸರಿಸಿದ್ದರು. ದಾರಿಯುದ್ದಕ್ಕೂ ನನ್ನ ಮೇಲೆ ಹಲ್ಲು ಕಡಿಯುತ್ತಿದ್ದ ಕಾಂತೇಶ್ ಅದನ್ನು ನೋಡಿ ಹೊಸಿಲ ಆಚೆಯೇ ನಿಂತ. ಕೈ ಹಾಕಲಿಲ್ಲ.

ಅವನೇ ನಿಧಾನವಾಗಿ ಮಂಜಪ್ಪನವರಿಗೆ ಎಲ್ಲ ತಿಳಿಸಿದ. ಅವರು ಡಿಸ್ಕಿನ ಮೇಲಿನ ದಾಸವಾಳವನ್ನು ತೆಗೆದು ಮಣೆಯ ಮೇಲಿಟ್ಟರು. ಆಮೇಲೆ ಹೇಳಿದ್ದು: “ಊರ್ನೋರೆಲ್ಲ ಇದ್ರೊಳಗಿದಾರೆ ಅಂದ್ಮೇಲೆ ನಾ ಒಬ್ಬ ಇಟ್ಕೊಂಡ್ರೆ ಹೆಂಗೆ ಮಾರಾಯ. ಆದ್ರೆ ನಾನೂ ಬತ್ತೆ.” ಜೀಪಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ರಸ್ತೆಯ ಪ್ರತಿ ಗುಂಡಿಗೂ ಕೈ ಅಡ್ಡ ಹಿಡಿದು ಬಂದರು.

ಕಾಂತೇಶ್ ಫೋನ್ ಮಾಡಿ ತಪ್ಪಾಯಿತೆಂದು ಕೇಳಿಕೊಂಡ ಮೇಲೆ ಧರ್ಮೇಶ್ ಕೊಪ್ಪದಿಂದ ಸ್ಟುಡಿಯೋಗೆ ಬಂದ. ತಂತಿ ಚುಚ್ಚುವ ಸಂದಿಯಲ್ಲಿ ಕುಂಕುಮ ತುಂಬಿತ್ತು. ನನ್ನ ಹಳೆಯ, ಕೂದಲೆಳೆಯಷ್ಟು ಸಣ್ಣ ಸೊನ್ನೆ ನಂಬರ್ ಬ್ರಶ್ಶಿನಿಂದ ಅದನ್ನು ತೆಗೆದ. ಮಧ್ಯಾಹ್ನ 2.50ಕ್ಕೆ ತಂತಿ ಹಾಕಿದ. ಡಿಸ್ಕ್ ತಿರುಗಲಿಲ್ಲ. ಮಂಜಪ್ಪನವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಲಾರದೆ ಗೋಡೆ ನೋಡಿದೆ. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಅಂಥ ಭಯ ಆಗಿರಲಿಲ್ಲ. ಎರಡನೇ ಸಲ ಹಾಕಿದ. ಕರ್ ಎಂದಿತು. ಆ ದರಿದ್ರ ಸದ್ದು ಅಷ್ಟು ಇಂಪಾಗಿರಬಹುದೆಂದು ನಾನು ತಿಳಿದಿರಲಿಲ್ಲ.

ಧರ್ಮೇಶ್, ಡಿಸ್ಕ್ ಬಹಳ ನಿಧಾನವಾಗಿದೆ, ಮೊದಲು ಅನ್ನಮ್ಮನವರ ಫೋಟೋವನ್ನು ಎಸ್‌ಎಸ್‌ಡಿಗೆ ಹಾಕಿಕೊಂಡು ತೆರೆದರೆ ಫಕ್ಕನೆ ಬರುತ್ತದೆ ಎಂದ. ಮಂಜಪ್ಪನವರು ಬೇಡವೆಂದರು. ಅವರ ಮಾತನ್ನು ಇದ್ದ ಹಾಗೆ ಬರೆದುಕೊಳ್ಳಬೇಕೆಂದು ಕೋರುತ್ತೇನೆ: “ನಿಧಾನಕ್ಕೇ ಬರ್ಲಿ ಬಿಡಿ. ಅವ್ಳು ಯಾವತ್ತೂ ಕರ್ದ ಕೂಡ್ಲೆ ಬಂದೋಳಲ್ಲ.”

ಒಂದು ನಿಮಿಷ ಐವತ್ತೆರಡು ಸೆಕೆಂಡ್ ಹಿಡಿಯಿತು. ಮೊದಲು ಬರೀ ಮಬ್ಬು, ಆಮೇಲೆ ಸೀರೆಯ ಬಣ್ಣ, ಆಮೇಲೆ ಕಣ್ಣು, ಕಟ್ಟಕಡೆಗೆ ಹುಬ್ಬು ಮತ್ತು ಅದರ ಮೇಲಿನ ಗಾಯ. ಡಾರ್ಕ್‌ರೂಮಿನ ಟ್ರೇಯಲ್ಲಿ ಹೀಗೇ ಬರುತ್ತಿತ್ತು. ನಾವು ಐದು ಜನ ಪರದೆಯ ಮುಂದೆ ನಿಂತಿದ್ದೆವು, ಹೆಡ್ ಕಾನ್‌ಸ್ಟೇಬಲ್ ಟೋಪಿ ತೆಗೆದಿದ್ದರು. ಮಂಜಪ್ಪನವರು ಬೆರಳನ್ನು ಪರದೆಯ ಹತ್ತಿರ ಒಯ್ದು, ಮುಟ್ಟದೆ ಹಿಂದಕ್ಕೆ ತಂದು, ಆಯ್ತು ಮಾರಾಯ್ತಿ, ನಂದೇ ತಪ್ಪು ಎಂದರು. ಅದನ್ನು ಅವರು ನನಗೆ ಹೇಳಿದ್ದಲ್ಲ.

ಡಿಸ್ಕನ್ನು ಠಾಣೆಗೆ ಜಪ್ತಿ ಮಾಡುವ ಅಗತ್ಯವಿದ್ದರೆ, ಅದರೊಳಗಿನ ಎಲ್ಲರನ್ನೂ ಬೇರೆಡೆಗೆ ನಕಲು ಮಾಡಿಕೊಳ್ಳುವವರೆಗೆ ಸಮಯ ಕೊಡಬೇಕು. ಧರ್ಮೇಶನ ಲೆಕ್ಕದಲ್ಲಿ ಎರಡು ಹಗಲು ಬೇಕು. ಆಮೇಲೆ ಹಳೆಯ ಡಿಸ್ಕ್ ಮಂಜಪ್ಪನವರ ಮನೆಗೆ ಹೋಗುತ್ತದೆ ಎಂದು ಕಾಂತೇಶ್ ಒಪ್ಪಿದ್ದಾನೆ, ಅವನ ತಂದೆಯ ಕಟ್ಟಳೆ ಅದು. ಇದರಲ್ಲಿ ಯಾರ ಮೇಲಾದರೂ ಕ್ರಮ ಆಗಬೇಕಿದ್ದರೆ ನನ್ನ ಮೇಲೆ ಆಗಲಿ.

ಹೇಳಿದ್ದನ್ನು ಓದಿ ಕೇಳಿಸಿದರು, ಸರಿಯಾಗಿದೆ. ಎಲ್ಲಾದರೂ ತಿದ್ದಬೇಕೇ ಎಂದು ಕೇಳಿದರು. ನಲವತ್ತೆರಡು ವರ್ಷ ತಿದ್ದಿದವಳು ನಾನು. ಇದರಲ್ಲಿ ನನ್ನ ಮುಖದ ಮೇಲಿರುವ ಗುರುತನ್ನೂ ಇದ್ದಲ್ಲೇ ಬಿಟ್ಟಿದ್ದೇನೆ.

ಸ್ಥಳ: ಬಾಳೆಹೊನ್ನೂರು
ದಿನಾಂಕ: 10-11-2025, ಸಂಜೆ 5.30
ಸಹಿ: ಪ್ರೇಮಾ